ಕ್ಷಯಕ್ಕೆ ಅಕ್ಕಿ, ಬೇಳೆ

ಲು ಶುನ್ ಅವರ 'ಔಷಧಿ' ಕತೆಯನ್ನು ಅನುವಾದದಲ್ಲಿ ಓದಿದಾಗಿನಿಂದ ಅದು ತಲೆಯಿಂದ ಹೋಗುತ್ತಿಲ್ಲ. 1919ರ ಚೀನೀ ಕತೆ. ಟೀ ಅಂಗಡಿಯ ಮುದುಕ, ಕ್ಷಯ ಹಿಡಿದ ಮಗ. ಮುದುಕ ಕೂಡಿಟ್ಟ ದುಡ್ಡು ತೆಗೆದುಕೊಂಡು ಬೆಳಗಾಗುವ ಮೊದಲೇ ಹೋಗಿ, ಆಗಷ್ಟೇ ತಲೆ ಕಡಿಸಿಕೊಂಡ ಕ್ರಾಂತಿಕಾರಿಯ ರಕ್ತದಲ್ಲಿ ಅದ್ದಿದ ಬನ್ ತರುತ್ತಾನೆ, ಅದನ್ನು ಕಮಲದ ಎಲೆಯಲ್ಲಿ ಸುತ್ತಿ ಒಲೆಯಲ್ಲಿ ಸುಟ್ಟು ಮಗನಿಗೆ ತಿನ್ನಿಸುತ್ತಾರೆ. ಬಿಸಿ ಬಿಸಿ ತಿಂದಿದ್ದಾನೆ, ವಾಸಿ ಆಗೇ ಆಗುತ್ತೆ ಅಂತ ಬಂದವನೊಬ್ಬ ಜೋರಾಗಿ ಹೇಳುತ್ತಿದ್ದರೆ ಹುಡುಗ ಅಲ್ಲೇ ಕೆಮ್ಮುತ್ತಿರುತ್ತಾನೆ. ಹುಡುಗ ಉಳಿಯುವುದಿಲ್ಲ.

ಆ ಅಪ್ಪನ ಮೇಲೆ ನನಗೆ ಸಿಟ್ಟೇ ಬರಲಿಲ್ಲ. ಅವನ ಕೈಗೆ ಬೇರೆ ಏನು ಸಿಗುತ್ತಿತ್ತು?

ಈಗ ಮಾತ್ರೆ ಇದೆ. ಆದರೆ 2023ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದ ಜಾರ್ಖಂಡ್‌ನ ಅಧ್ಯಯನ ನೋಡಿ, ಅದನ್ನು ಮುನ್ನಡೆಸಿದವರು ನಮ್ಮ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ಒಂದಷ್ಟು ಟಿಬಿ ರೋಗಿಗಳ ಮನೆಯವರಿಗೆ ತಿಂಗಳಿಗೆ ದೊಡ್ಡವರ ತಲೆಗೆ 5 ಕೆಜಿ ಅಕ್ಕಿ, 1.5 ಕೆಜಿ ಬೇಳೆ, ಚಿಕ್ಕ ಮಕ್ಕಳಿಗೆ ಅದರ ಅರ್ಧ ಕೊಟ್ಟರು, ಜೊತೆಗೆ ವಿಟಮಿನ್ ಮಾತ್ರೆ. ಅಷ್ಟೇ! ಮನೆಯವರಿಗೆ ಇದು ಸಿಗದ ಮನೆಗಳಿಗೆ ಹೋಲಿಸಿದರೆ ಆ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಸುಮಾರು 40% ಕಡಿಮೆಯಾಯಿತು. ಎಲ್ಲ ರೋಗಿಗಳಿಗೂ ಆಹಾರದ ಕಿಟ್ ಸಿಕ್ಕಿತ್ತು, ಅವರಲ್ಲಿ ಮೊದಲ ಎರಡು ತಿಂಗಳಲ್ಲೇ ತೂಕ ಏರಿದವರು ಸಾಯುವ ಅಪಾಯವೂ ತುಂಬಾ ಇಳಿಯಿತು.

ಹೊಸ ಲಸಿಕೆ ಬರಲಿ, ನಾನೂ ಕಾಯುತ್ತಿದ್ದೇನೆ. ಆದರೆ ಬೇಳೆಗೆ ಯಾರೂ ಕಾಯಬೇಕಾಗಿಲ್ಲ ಅಲ್ವಾ? ನಿಮಗೆ ಗೊತ್ತಿರುವ ಯಾರಾದರೂ ಟಿಬಿ ಮಾತ್ರೆ ನುಂಗುತ್ತಿದ್ದರೆ ದಯವಿಟ್ಟು ಊಟ ಸರಿಯಾಗಿ ಆಗುತ್ತಿದೆಯಾ, ತೂಕ ಏರುತ್ತಿದೆಯಾ ಅಂತ ಕೇಳಿ.