ಶಾಲು, ಶಾಮಿಯಾನಕ್ಕೆ ಹಣವಿಲ್ಲ

ಅನುದಾನದ ಅರ್ಜಿ ಕೈಗೆ ಬಂದರೆ ನಾನು ಮೊದಲು ತೆಗೆಯುವುದು ಕೊನೆಯ ಪುಟವನ್ನು. ಉದ್ದೇಶ, ನಿರೀಕ್ಷಿತ ಫಲಗಳೆಲ್ಲ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ. ‘ಪ್ರಜಾಪ್ರಭುತ್ವದ ಮೌಲ್ಯಗಳ ಬಗ್ಗೆ ಅರಿವು ಮೂಡಿಸುವುದು’ ಎಂಬ ಸಾಲಂತೂ ಇದ್ದೇ ಇರುತ್ತದೆ. ಖರ್ಚಿನ ಪಟ್ಟಿ ಮಾತ್ರ ಸುಳ್ಳು ಹೇಳುವುದಿಲ್ಲ. ಅಲ್ಲಿ ಶಾಮಿಯಾನ, ಧ್ವನಿವರ್ಧಕ, ಫ್ಲೆಕ್ಸ್, ಹಾರ, ಶಾಲು, ಸ್ಮರಣಿಕೆ, ಮುಖ್ಯ ಅತಿಥಿಗಳ ಕಾರಿನ ಬಾಡಿಗೆ ಎಂದಿದ್ದರೆ ನಡೆಯಲಿರುವುದು ಭಾಷಣ. ಪ್ರಾಸ್ತಾವಿಕದಿಂದ ವಂದನಾರ್ಪಣೆಯವರೆಗೆ ವೇದಿಕೆಯ ಮೇಲಿನವರೇ ಮಾತನಾಡುತ್ತಾರೆ, ಊರಿನವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ.

ನಾನು ಕೆಲಸ ಮಾಡುವುದು ಒಂದು ಸಣ್ಣ ಟ್ರಸ್ಟ್‌ನಲ್ಲಿ. ಊರಿನ ಜನ ತಮ್ಮ ಇತಿಹಾಸದ ಬಗ್ಗೆ, ಆಳ್ವಿಕೆಯ ಬಗ್ಗೆ ತಾವೇ ಕೂತು ಮಾತನಾಡಲಿ ಎಂದು ಹತ್ತರಿಂದ ಇಪ್ಪತ್ತು ಸಾವಿರ ರೂಪಾಯಿ ಕೊಡುತ್ತೇವೆ. ಸ್ವಸಹಾಯ ಸಂಘ, ಯುವಕ ಸಂಘ, ಪಂಚಾಯಿತಿ ಗ್ರಂಥಾಲಯ, ಯಾರು ಬೇಕಾದರೂ ಕೇಳಬಹುದು. ಹಣ ದೇಶದೊಳಗಿನ ದಾನಿಗಳದ್ದು. ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ನಿಷೇಧಿಸಿದ ಮೇಲೆ ಬೇರೆ ದಾರಿಯೂ ಇಲ್ಲ. ಹಾಗಾಗಿ ಥೈಲಿ ಚಿಕ್ಕದು, ಒಂದೊಂದು ರೂಪಾಯಿಯೂ ಎಲ್ಲಿಗೆ ಹೋಗುತ್ತದೆ ಎಂದು ನೋಡಲೇಬೇಕು.

ಹಣ ಯಾವುದಕ್ಕೆ ಸಲ್ಲುತ್ತದೋ ಸಭೆ ಅದರಂತೆಯೇ ಆಗುತ್ತದೆ. ಈ ಕೆಲಸದಲ್ಲಿ ನಾನು ಕಲಿತದ್ದು ಮುಖ್ಯವಾಗಿ ಇಷ್ಟೇ. ನಮ್ಮ ಅರ್ಜಿ ಈಗ ಒಂದೇ ಹಾಳೆ. ಶಾಲು, ವೇದಿಕೆ, ಫ್ಲೆಕ್ಸ್‌ಗೆ ಹಣವಿಲ್ಲ ಎಂದು ಮೇಲೆಯೇ ಅಚ್ಚು ಹಾಕಿಸಿದ್ದೇವೆ. (ಊರಿನವರೇ ದುಡ್ಡು ಹಾಕಿ ಯಾರಿಗಾದರೂ ಶಾಲು ಹೊದಿಸಿದರೆ ಬೇಡ ಎನ್ನಲು ನಾನು ಯಾರು?) ಚಹಾ, ಮಂಡಕ್ಕಿ, ಜಮಖಾನದ ಬಾಡಿಗೆ, ಹೇಳಿದ್ದನ್ನು ಬರೆದುಕೊಳ್ಳುವವರ ದಿನದ ಕೂಲಿ, ಹಳೆಯ ದಾಖಲೆಯ ನಕಲು, ಇವಕ್ಕೆಲ್ಲ ಉಂಟು. ಬಸ್ ಚಾರ್ಜೂ ಉಂಟು. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ ಓಡುವ ಕಡೆ ಆ ಖರ್ಚು ಗಂಡಸರದ್ದು ಮಾತ್ರ. ಇದರ ಜೊತೆಗೆ ಒಂದು ಪ್ರಶ್ನೆ ಕೇಳುತ್ತೇವೆ: ‘ಉತ್ತರ ನಿಮಗೇ ಗೊತ್ತಿಲ್ಲದ ಯಾವ ಪ್ರಶ್ನೆಯನ್ನು ಸಭೆಯ ಮುಂದೆ ಇಡುತ್ತೀರಿ?’ ಹೆಚ್ಚಿನವರು ತಡವರಿಸುವುದು ಅಲ್ಲಿಯೇ.

ಶಿಕಾರಿಪುರ ತಾಲ್ಲೂಕಿನ ಒಂದು ಸ್ವಸಹಾಯ ಸಂಘದವರು ಅದೇ ತಾಲ್ಲೂಕಿನ ಈಸೂರಿನ ಬಗ್ಗೆ ಮಾತನಾಡುತ್ತೇವೆ ಎಂದಾಗ ನನಗೆ ಅಳುಕಿತ್ತು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ಆ ಕಡೆಯ ಮಕ್ಕಳಿಗೂ ಬಾಯಿಪಾಠ. ವೀರರ ಊರು ಎಂದು ಹೊಗಳಿ ಮುಗಿಸಿಬಿಡುವುದು ಸುಲಭ. ಆದರೆ ಅವರು ಬರೆದ ಪ್ರಶ್ನೆ ಬೇರೆಯೇ ಇತ್ತು. 1942ರಲ್ಲಿ ಈಸೂರಿನವರು ಸ್ವತಂತ್ರರೆಂದು ಸಾರಿಕೊಂಡಾಗ ಊರಿನ ಇಬ್ಬರು ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರ), ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದ್ದರು. ದೊಡ್ಡವರಿರುವಾಗ ಮಕ್ಕಳೇಕೆ?

ಸಭೆ ನಡೆದದ್ದು ಶಾಲೆಯ ಜಗಲಿಯಲ್ಲಿ, ಸಂಜೆ ಡೇರಿಗೆ ಹಾಲು ಹಾಕಿದ ಮೇಲೆ. ಆ ಹೊತ್ತನ್ನು ಗೊತ್ತು ಮಾಡಿದವರು ಹೆಂಗಸರು. ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟಿದ್ದರೆ ಅವರಲ್ಲಿ ಅರ್ಧದಷ್ಟು ಜನರೂ ಬರುತ್ತಿರಲಿಲ್ಲ. ಹುಡುಗರಾದರೆ ಸರ್ಕಾರ ಹಿಡಿದು ಶಿಕ್ಷಿಸಲಾರದು ಎಂಬ ಲೆಕ್ಕಾಚಾರ ಇತ್ತೆಂದು ಹಿರಿಯರೊಬ್ಬರು ವಿವರಿಸಿದರು. ಜಮಖಾನದ ಅಂಚಿನಲ್ಲಿ ಕೂತಿದ್ದ ಪಂಚಾಯಿತಿ ಸದಸ್ಯೆಯೊಬ್ಬರು ಕೇಳಿದರು: “ಹಾಗಾದರೆ ಹೆಸರು ಹುಡುಗರದ್ದು, ಆಡಳಿತ ದೊಡ್ಡವರದ್ದು. ಈಗ ಪಂಚಾಯಿತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಎನ್ನುತ್ತಾರಲ್ಲ, ಅಲ್ಲಿಯೂ ಸಹಿ ನಮ್ಮದು, ಮಾತು ಯಾರದ್ದು ಅಣ್ಣ?” ಗಂಡಸರ ಕಡೆಯಿಂದ ಒಬ್ಬರು ಎದ್ದು ಬೀಡಿ ಸೇದಲು ಹೊರಗೆ ಹೋದರು. ಉಳಿದವರು ಕತ್ತಲಾಗುವವರೆಗೂ ವಾದಿಸಿದರು. ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಈಸೂರಿಗೆ ಬಂದಾಗ ನಡೆದ ಘರ್ಷಣೆಯಲ್ಲಿ ಪ್ರಾಣ ಕಳೆದುಕೊಂಡದ್ದು, 1943ರಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದ್ದು, ಎರಡೂ ಮಾತಿಗೆ ಬಂದವು. ಸತ್ತ ಅಧಿಕಾರಿಗಳೂ ಮನೆಮಠ ಇದ್ದವರೇ ಅಲ್ಲವೇ ಎಂದು ಕಾಲೇಜು ಹುಡುಗಿಯೊಬ್ಬಳು ಕೇಳಿದ್ದು ಕೆಲವರಿಗೆ ರುಚಿಸಲಿಲ್ಲ. ರುಚಿಸದ ಮಾತೂ ನಡುವೆ ಉಳಿದುಕೊಂಡಿತಲ್ಲ, ನನಗೆ ಅದೇ ದೊಡ್ಡದು. ಮೈಕ್ ಇದ್ದಿದ್ದರೆ ಆ ಹುಡುಗಿಯ ಸರದಿ ಬರುತ್ತಲೇ ಇರಲಿಲ್ಲ.

ಇಂಥ ಖರ್ಚಿಗೆ ರಸೀದಿ ಸಿಗುವುದು ಕಷ್ಟ. ಶಾಮಿಯಾನದವನು ಮುದ್ರೆ ಒತ್ತಿದ ಬಿಲ್ ಕೊಡುತ್ತಾನೆ, ಚಹಾ ಅಂಗಡಿಯವನು ಕೊಡುವುದಿಲ್ಲ. ಬಹಳಷ್ಟು ಸಂಘಗಳು ವೇದಿಕೆಗೆ ಜೋತುಬೀಳಲು ಇದೂ ಒಂದು ಕಾರಣ ಎಂಬುದು ನನ್ನ ಗುಮಾನಿ. ಅದಕ್ಕೇ ಖಾಲಿ ವೋಚರ್‌ಗಳನ್ನು ನಾವೇ ಮೊದಲು ಕಳುಹಿಸುತ್ತೇವೆ: ಯಾರಿಗೆ, ಯಾವುದಕ್ಕೆ, ಎಷ್ಟು, ಪಡೆದವರ ಸಹಿ ಅಥವಾ ಹೆಬ್ಬೆಟ್ಟು. ಐದು ಸಾವಿರ ದಾಟಿದರೆ ರೆವಿನ್ಯೂ ಸ್ಟಾಂಪ್. ಲೆಕ್ಕಪರಿಶೋಧಕರು ಮೊದಮೊದಲು ಗೊಣಗಿದರು, ಈಗ ಸುಮ್ಮನಿದ್ದಾರೆ.

ಚುನಾವಣಾ ನೀತಿಸಂಹಿತೆ ಜಾರಿಯಲ್ಲಿರುವಷ್ಟು ದಿನ ಒಂದು ರೂಪಾಯಿಯನ್ನೂ ಬಿಡುಗಡೆ ಮಾಡುವುದಿಲ್ಲ. ಆಗ ಪ್ರಜಾಪ್ರಭುತ್ವ ಎಂದರೂ ಯಾವುದೋ ಪಕ್ಷದ ಕೆಲಸವೆಂದೇ ಜನ ನೋಡುತ್ತಾರೆ.

ವರದಿಯಲ್ಲಿ ಎಷ್ಟು ಜನ ಬಂದಿದ್ದರು ಎಂದು ಕೇಳುವುದನ್ನೂ ಕೈಬಿಟ್ಟಿದ್ದೇವೆ. ಕೇಳಿದರೆ ಶಾಲೆಯ ಮಕ್ಕಳನ್ನು ಸಾಲಾಗಿ ಕೂರಿಸಿ ಲೆಕ್ಕ ತುಂಬಿಸುತ್ತಾರೆ. ಅದರ ಬದಲು, ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಬರೆದು ಕಳುಹಿಸಿ ಎನ್ನುತ್ತೇವೆ. ಶಿಕಾರಿಪುರದ ಆ ಸಂಘದವರು ಕಳುಹಿಸಿದ್ದು ಒಂದೇ ಪ್ರಶ್ನೆ: ಈಸೂರಿನಿಂದ ಜೈಲಿಗೆ ಹೋದವರಲ್ಲಿ ಹೆಂಗಸರೂ ಇದ್ದರಲ್ಲ, ಅವರ ಮನೆ, ದನಕರುಗಳನ್ನು ಅಷ್ಟು ದಿನ ನೋಡಿಕೊಂಡವರು ಯಾರು? ಈಸೂರಿಗೇ ಹೋಗಿ ಅಲ್ಲಿಯ ಹಿರಿಯರನ್ನು ಕೇಳಲು ಎರಡನೇ ಕಂತು ಬೇಕಂತೆ. ಒಂದೇ ಸಂಘಕ್ಕೆ ಎರಡು ಸಲ ಕೊಟ್ಟರೆ ಉಳಿದವರಿಗೆ ಏನು ಹೇಳುವುದು ಎಂದು ನಮ್ಮ ಸಮಿತಿಯಲ್ಲಿ ಒಬ್ಬರ ತಕರಾರು. ಕೊಡಬೇಕೆಂದೇ ನಾನು ಟಿಪ್ಪಣಿ ಬರೆದಿದ್ದೇನೆ.