ಕೇಪಳದ ಎಲೆ ಹಳದಿ ಯಾಕಾಯಿತು?

ಸೋಮವಾರದಿಂದ ಶನಿವಾರದವರೆಗೆ ನನಗೆ ಬೆಂಗಳೂರಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಭಾನುವಾರ ಕ್ಲಾಸು. 41ನೇ ವಯಸ್ಸಿಗೆ ತೋಟಗಾರಿಕೆ ಮತ್ತು ಉದ್ಯಾನ ವಿನ್ಯಾಸದ ಕೋರ್ಸ್ ಸೇರಿದ್ದೇನೆ. ಗಿಡಗಳ ಸಸ್ಯಶಾಸ್ತ್ರೀಯ ಹೆಸರುಗಳನ್ನು ಮೆಟ್ರೋದಲ್ಲಿ ನಿಂತುಕೊಂಡೇ ಬಾಯಿಪಾಠ ಮಾಡುತ್ತೇನೆ.

ಆ ವಾರ ನಮ್ಮ ನಮ್ಮ ಮನೆಯ ಅಂಗಳಕ್ಕೇ ನಕ್ಷೆ ಬರೆಯಬೇಕಿತ್ತು. ಎರಡು ರಾತ್ರಿ ಕೂತು ಬರೆದೆ. ಕಾಲುದಾರಿ, ಕಲ್ಲುಬೆಂಚು, ಹೂವಿನ ಮಡಿ, ಎಲ್ಲಕ್ಕೂ ಬಣ್ಣ ತುಂಬಿದೆ. ಮೇಡಂ ನೋಡಿ, ‘ಚೆನ್ನಾಗಿದೆ. ಮಣ್ಣು ನೋಡಿದ್ರಾ?’ ಅಂದರು. ನೋಡಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದವಳೇ ಗುದ್ದಲಿ ಹಿಡಿದೆ. ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಅಮ್ಮನ ಕೇಪಳ ಇದೆ. ಬೆಂಗಳೂರಿನಲ್ಲಿ ಇಕ್ಸೋರಾ ಅಂತಾರಲ್ಲ, ಅದೇ. ಪುತ್ತೂರಿನಿಂದ ಮಡಿಲಲ್ಲಿ ಇಟ್ಟುಕೊಂಡು ಬಂದ ಗಿಡ. ನಾಲ್ಕು ವರ್ಷದಿಂದ ಅದರ ಚಿಗುರೆಲ್ಲ ಹಳದಿ. ನರ ಮಾತ್ರ ಹಸಿರು, ಬಲೆ ಬಿಡಿಸಿದ ಹಾಗೆ. ನೀರು ಸಾಲದು ಎಂದು ಅಮ್ಮ, ಜಾಸ್ತಿಯಾಯಿತು ಎಂದು ನಾನು. ಅದಕ್ಕೇ ಎಷ್ಟೋ ಸಲ ಜಗಳ ಆಡಿದ್ದೇವೆ.

ಒಂದು ಗೇಣು ಅಗೆಯುವಷ್ಟರಲ್ಲಿ ಠಣ್ ಎಂದಿತು. ಒಡೆದ ಟೈಲ್ಸ್, ಇಟ್ಟಿಗೆ ಚೂರು, ಸಿಮೆಂಟಿನ ಗಟ್ಟಿ. ಮನೆ ಕಟ್ಟುವಾಗ ಉಳಿದದ್ದನ್ನೆಲ್ಲ ಅಲ್ಲೇ ಹರಡಿ, ಮೇಲೆ ಕೆಂಪು ಮಣ್ಣು ಮುಚ್ಚಿದ್ದರು.

ಕ್ಲಾಸಿನಲ್ಲಿ ಹೇಳಿಕೊಟ್ಟ ಹಾಗೆ ಒಂದು ಚಮಚ ಮಣ್ಣನ್ನು ಬಟ್ಟಲಿಗೆ ಹಾಕಿ ವಿನೆಗರ್ ಸುರಿದೆ. ಸಣ್ಣಗೆ ಬುರುಬುರು ನೊರೆ ಎದ್ದಿತು. ಸುಣ್ಣದ ಅಂಶ ಇದ್ದರೆ ಹಾಗಾಗುತ್ತದೆ. ಮಣ್ಣು ಹುಳಿಯೋ ಕ್ಷಾರವೋ ಎಂದು ತೋರಿಸುವ ಪಿಎಚ್ ಕಾಗದವನ್ನು ನೀರಲ್ಲಿ ಕಲಸಿದ ಬೇರೆ ಮಣ್ಣಿಗೆ ಅದ್ದಿದೆ, 8 ತೋರಿಸಿತು. 7ಕ್ಕಿಂತ ಮೇಲಿದ್ದರೆ ಕ್ಷಾರ. ಕೇಪಳಕ್ಕೆ ಬೇಕಾದದ್ದು ಹುಳಿ ಮಣ್ಣು, 5ರಿಂದ 6ರ ಆಸುಪಾಸು. ಕರಾವಳಿಯ ಮುರಕಲ್ಲು ಮಣ್ಣು ಹಾಗೇ ಇರುತ್ತದೆ, ಮಳೆ ಅಲ್ಲಿ ಸುಣ್ಣವನ್ನು ತೊಳೆದುಬಿಡುತ್ತದೆ. ಸಿಮೆಂಟು ಬೆರೆತ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ, ಅದಕ್ಕೇ ಚಿಗುರು ಹಳದಿ. ನಾವು ಹಾಕುತ್ತಿದ್ದ ಬೋರ್‌ವೆಲ್ಲಿನ ಗಡಸು ನೀರೂ ಅದಕ್ಕೆ ಕೂಡಿಕೊಂಡಿತ್ತು.

ಅಮ್ಮ ಬಟ್ಟಲನ್ನೇ ನೋಡುತ್ತಾ ನಿಂತಿದ್ದರು. ‘ಅದಕ್ಕೆ ಹಸಿವಾಗಿತ್ತು. ನಾವು ಬರೀ ನೀರು ಕುಡಿಸಿದ್ದು’ ಅಂದರು. ನನಗೆ ಗಂಟಲು ಕಟ್ಟಿತು. ಮಣ್ಣು ಗೊತ್ತಿಲ್ಲದೆ ಎಷ್ಟು ಚಂದದ ನಕ್ಷೆ ಬರೆದಿದ್ದೆ, ಅಲ್ವಾ?

ಮುಂದಿನ ಭಾನುವಾರ ಗಿಡವನ್ನು ಸ್ವಲ್ಪ ಸವರಿ, ಬೇರಿನ ಮಣ್ಣಿನ ಸಮೇತ ಎತ್ತಿ, ಗೋಡೆಯಿಂದ ದೂರ ನೆಟ್ಟೆವು. ಹೊಸ ಗುಂಡಿಗೆ ಕೊಟ್ಟಿಗೆ ಗೊಬ್ಬರ, ಎಲೆಗೊಬ್ಬರ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), ಜೊತೆಗೆ ಒಂದಿಷ್ಟು ನಿಂಬೆರಸ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ. ನೀರಿಗೆ ಮಳೆನೀರಿನ ಡ್ರಮ್ಮು. ನಕ್ಷೆಯನ್ನೂ ತಿದ್ದಿದೆ. ಗೋಡೆಯ ಪಕ್ಕಕ್ಕೆ ಈಗ ಕಣಗಿಲೆ, ಅದು ಸುಣ್ಣ ತಾಳಿಕೊಳ್ಳುತ್ತದೆ.

ಐದು ವಾರ ಕಳೆದಿತ್ತು. ಆಫೀಸಿನಲ್ಲಿದ್ದಾಗ ಅಮ್ಮನ ಫೋನು. ‘ತುದಿಯಲ್ಲಿ ಎರಡು ಎಲೆ ಹಸಿರಾಗಿಯೇ ಬಂದಿದೆ ಮಾರಾಯ್ತಿ. ಬೆಳಕು ಇರುವಾಗಲೇ ಬಾ.’