ತಾತನ ಸ್ಯಾಪರ್ ಕಂಪನಿ ಹೋದ ದಾರಿ: ಇಟಲಿಗೆ ಹೊರಟವರಿಗೆ ಒಂದಿಷ್ಟು ಮಾಹಿತಿ

"ನಮ್ಮ ತಾತ ಎಂಇಜಿಯಲ್ಲಿದ್ರು, ಯುದ್ಧಕ್ಕೆ ಇಟಲಿಗೆ ಹೋಗಿದ್ರು" ಅನ್ನುವ ಮನೆಗಳು ಬೆಂಗಳೂರು, ಕೋಲಾರದ ಕಡೆ ಇನ್ನೂ ಸಾಕಷ್ಟಿವೆ. ಯುದ್ಧ ಅಂದ್ರೆ ಎರಡನೇ ಮಹಾಯುದ್ಧ. ಎಂಇಜಿ ಅಂದ್ರೆ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಆಗಿನ ಮದ್ರಾಸ್ ಸ್ಯಾಪರ್ಸ್. ಸ್ಯಾಪರ್ ಅಂದ್ರೆ ರಸ್ತೆ, ಸೇತುವೆ ಕಟ್ಟುವ, ನೆಲಬಾಂಬ್ ತೆಗೆಯುವ ಸೈನಿಕ. ಅಂಥವರು ಓಡಾಡಿದ ಜಾಗಗಳನ್ನು ಒಮ್ಮೆ ನೋಡಿ ಬರಬೇಕು ಅಂತ ಆಸೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಚಿಕ್ಕಪ್ಪನ ಜೊತೆ ಹೋಗಿ ಬಂದೆ. ಹೋಗಲೇಬೇಕಾದ ಪ್ರವಾಸ ಇದು. ಆದರೆ ಟಿಕೆಟ್ ಬುಕ್ ಮಾಡುವ ಮುಂಚೆ ಮನೆಯಲ್ಲಿ ಕೂತು ಮಾಡುವ ಕೆಲಸವೇ ಜಾಸ್ತಿ.

ಮೊದಲು ಬೇಕಾಗಿರುವುದು ಕಂಪನಿ ನಂಬರ್. "ಮದ್ರಾಸ್ ಸ್ಯಾಪರ್ಸ್" ಅಂತ ಗೊತ್ತಿದ್ದರೆ ಸಾಲದು, "ನಾಲ್ಕನೇ ಡಿವಿಷನ್" ಅಂತ ಗೊತ್ತಿದ್ದರೂ ಸಾಲದು. ಇಟಲಿಯಲ್ಲಿ ಭಾರತದ ಮೂರು ಡಿವಿಷನ್ ಇದ್ದವು, 4, 8 ಮತ್ತು 10. ನಾಲ್ಕನೆಯದರಲ್ಲೇ ಎಂಜಿನಿಯರ್ ಕಂಪನಿಗಳು ಬೇರೆ ಬೇರೆ ಊರಿನವು. 4ನೇ ಫೀಲ್ಡ್ ಕಂಪನಿ ಬೆಂಗಾಲ್ ಸ್ಯಾಪರ್ಸ್‌ದು, 21ನೆಯದು ಬಾಂಬೆಯದು, 12ನೇ ಫೀಲ್ಡ್ ಕಂಪನಿ ಮತ್ತು 11ನೇ ಫೀಲ್ಡ್ ಪಾರ್ಕ್ ಕಂಪನಿ ನಮ್ಮ ಬೆಂಗಳೂರಿನವು. ಫೀಲ್ಡ್ ಕಂಪನಿಯವರು ಕಾಲ್ದಳದ ಜೊತೆಯಲ್ಲೇ ಮುಂದೆ ಇರುತ್ತಿದ್ದರು. ಫೀಲ್ಡ್ ಪಾರ್ಕ್‌ನವರು ಸ್ವಲ್ಪ ಹಿಂದೆ, ಸೇತುವೆ ಸಾಮಾನು, ಯಂತ್ರ, ವರ್ಕ್‌ಶಾಪ್ ನೋಡಿಕೊಂಡು. ಒಂದೇ ಯುದ್ಧದಲ್ಲಿದ್ದರೂ ಇಬ್ಬರೂ ಇದ್ದ ಊರು ಬೇರೆ. ನಮ್ಮ ತಾತ 11ನೇ ಫೀಲ್ಡ್ ಪಾರ್ಕ್‌ನವರು. ಬರೀ 1944ರಲ್ಲಿ ಜರ್ಮನ್ನರ ಜೊತೆ ದೊಡ್ಡ ಕದನ ನಡೆದ, ಮೇಲೆ ಮಠ ಇರುವ ಕಸ್ಸಿನೊ ಬೆಟ್ಟ ಹತ್ತಿ ಬಂದಿದ್ದರೆ ಅವರಿದ್ದ ಜಾಗ ನಮಗೆ ಸಿಗುತ್ತಲೇ ಇರಲಿಲ್ಲ.

ನಂಬರ್ ಎಲ್ಲಿ ಸಿಗುತ್ತದೆ? ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಕಾಗದ, ಹಳೆಯ ಪತ್ರಗಳು. ಟ್ರಂಕಿನಲ್ಲಿ ಮೆಡಲ್ ಇದ್ದರೆ ರಿಬ್ಬನ್ ಬಣ್ಣ ನೋಡಿ. ಕೆಂಪು, ಬಿಳಿ, ಹಸಿರು ಪಟ್ಟೆ ಇದ್ದರೆ ಅದು ಇಟಲಿ ಸ್ಟಾರ್. ಮರಳಿನ ಬಣ್ಣದ ಮೇಲೆ ನಡುವೆ ಕೆಂಪು, ಪಕ್ಕದಲ್ಲಿ ಕಡುನೀಲಿ ಮತ್ತು ತಿಳಿನೀಲಿ ಗೆರೆ ಇದ್ದರೆ ಆಫ್ರಿಕಾ ಸ್ಟಾರ್. ಎರಡೂ ಒಂದೇ ಮನೆಯಲ್ಲಿದ್ದರೆ ನಾಲ್ಕನೇ ಡಿವಿಷನ್ ಇರಬಹುದು ಅಂತ ಹುಡುಕಲು ಶುರು ಮಾಡಬಹುದು. ಯಾಕಂದ್ರೆ ಆ ಡಿವಿಷನ್ 1940ರ ಡಿಸೆಂಬರ್‌ನಲ್ಲಿ ಈಜಿಪ್ಟಿನ ಸಿದಿ ಬರ್ರಾನಿಯಲ್ಲಿತ್ತು, 1941ರ ಮಾರ್ಚ್‌ನಲ್ಲಿ ಎರಿಟ್ರಿಯಾದ ಕೆರೆನ್‌ನಲ್ಲಿತ್ತು, ಲಿಬಿಯಾ, ಟ್ಯುನೀಷಿಯಾ ಎಲ್ಲ ಮುಗಿಸಿ 1943ರ ಡಿಸೆಂಬರ್‌ನಲ್ಲಿ ಇಟಲಿಯ ತಾರಾಂತೊದಲ್ಲಿ ಹಡಗಿನಿಂದ ಇಳಿಯಿತು. ಇಲ್ಲೊಂದು ಮಾತು ಹೇಳಲೇಬೇಕು. ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಾಲಿಯನ್ ಸೈನಿಕರನ್ನು ಸಾವಿರಗಟ್ಟಲೆ ಭಾರತಕ್ಕೆ ಕಳಿಸಿದರು, ನಮ್ಮ ಜಾಲಹಳ್ಳಿಯಲ್ಲೂ ಅವರ ಶಿಬಿರ ಇತ್ತು. ಅವರ ಊರಲ್ಲಿ ನಮ್ಮವರು, ನಮ್ಮೂರಲ್ಲಿ ಅವರು.

ನಂಬರ್ ಸಿಕ್ಕ ಮೇಲೆ ವಾರ್ ಡೈರಿ. ಪ್ರತಿ ಕಂಪನಿಯೂ ದಿನದಿನದ ಕೆಲಸ ಬರೆದಿಡುತ್ತಿತ್ತು. ಲಂಡನ್ ಹತ್ತಿರದ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಆಫ್ರಿಕಾ, ಮಧ್ಯಪ್ರಾಚ್ಯದ ಡೈರಿಗಳು ಡಬ್ಲ್ಯುಒ 169 ಸರಣಿಯಲ್ಲಿವೆ, ಇಟಲಿಯವನ್ನು 169, 170 ಎರಡರಲ್ಲೂ ಹುಡುಕಿ. ಅಲ್ಲಿ ರೀಡರ್ ಟಿಕೆಟ್‌ಗೆ ದುಡ್ಡಿಲ್ಲ, ನಿಮ್ಮ ಫೋನಿನಲ್ಲೇ ಪುಟಗಳ ಫೋಟೊ ತೆಗೆದುಕೊಳ್ಳಬಹುದು. ಲಂಡನ್ನಿನಲ್ಲಿ ನೆಂಟರೋ ಸ್ನೇಹಿತರೋ ಇದ್ದರೆ ಅವರನ್ನೇ ಕೇಳಿ. ಓದುವಾಗ ನಿರಾಸೆ ಆಗಬೇಡಿ. ರಸ್ತೆ ರಿಪೇರಿ, ಮಳೆ, ನೆಲಬಾಂಬ್ ತೆಗೆದದ್ದು, ಸೇತುವೆ ಸಾಮಾನು ಕಳಿಸಿದ್ದು, ಇಷ್ಟೇ ಇರುತ್ತದೆ. ಸಿಪಾಯಿಗಳ ಹೆಸರು ಸಿಗುವುದು ಅಪರೂಪ. ಆದರೆ ಪಕ್ಕದಲ್ಲಿ ಮ್ಯಾಪಿನ ಅಂಕಿಗಳಿರುತ್ತವೆ, ಚಿನ್ನ ಅಂದ್ರೆ ಅದೇ. ಯುದ್ಧಕಾಲದ ಗ್ರಿಡ್ ಅಂಕಿಗಳನ್ನು ಈಗಿನ ಮ್ಯಾಪಿಗೆ ಬದಲಾಯಿಸಿಕೊಡುವ ಸೌಲಭ್ಯ ಆನ್‌ಲೈನ್‌ನಲ್ಲಿದೆ. ಹಾಗೆ ಗುರುತು ಹಾಕಿಕೊಂಡು ಹೋದರೆ ಇದೇ ತಿರುವು, ಇದೇ ಹಳ್ಳ ಅನ್ನುವಷ್ಟು ಹತ್ತಿರ ಹೋಗಿ ನಿಲ್ಲಬಹುದು.

ಈಗ ಪ್ರಯಾಣ. ಶೆಂಗೆನ್ ವೀಸಾ ಬೇಕು. ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಸಮಯ. ಜುಲೈ, ಆಗಸ್ಟ್‌ನಲ್ಲಿ ಆ ಬೆಟ್ಟಗಳಲ್ಲಿ ನೆರಳೇ ಇಲ್ಲ. ರೋಮ್‌ನ ಟೆರ್ಮಿನಿ ನಿಲ್ದಾಣದಿಂದ ಕಸ್ಸಿನೊಗೆ ನೇರ ಪ್ಯಾಸೆಂಜರ್ ರೈಲುಗಳಿವೆ, ಹೆಚ್ಚುಕಡಿಮೆ 2 ಗಂಟೆ. ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರಂ ಮೇಲಿನ ಮಷಿನ್‌ನಲ್ಲಿ ಮುದ್ರೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ದಂಡ. ಕಸ್ಸಿನೊದಲ್ಲೇ ರೂಮು ಮಾಡಿ. ರೋಮ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಬರುವವರು ಮಠ ನೋಡಿಕೊಂಡು ವಾಪಸ್ ಬರುತ್ತಾರೆ, ಅಷ್ಟೇ. ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕುತ್ತವೆ, ಭಾನುವಾರ ಬಸ್ಸು ಕಡಿಮೆ. ಸಸ್ಯಾಹಾರಿಗಳಿಗೆ ಟೊಮೆಟೊ ಪಾಸ್ತಾ, ಚೀಸ್ ಇಲ್ಲದ ಮರಿನಾರಾ ಪಿಜ್ಜಾ ಎಲ್ಲ ಕಡೆ ಸಿಗುತ್ತದೆ.

ಕಾಮನ್‌ವೆಲ್ತ್ ಸ್ಮಶಾನ ನಿಲ್ದಾಣದಿಂದ ನಡೆದುಹೋಗುವಷ್ಟು ದೂರ. 4,200ಕ್ಕೂ ಜಾಸ್ತಿ ಸಮಾಧಿಗಳಿವೆ. ಭಾರತೀಯರ ಸಾಲಿನಲ್ಲಿ ಕೆಲವು ಕಲ್ಲುಗಳ ಮೇಲ್ಭಾಗದಲ್ಲಿ "ಓಂ ಭಗವತೇ ನಮಃ" ಅಂತ ದೇವನಾಗರಿಯಲ್ಲಿ ಕೆತ್ತಿದೆ, ಕೆಳಗೆ ನಂಬರ್, ಹೆಸರು, ದಳ, ತಾರೀಖು. ಚಿಕ್ಕಪ್ಪ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಡೆದು ಒಂದೊಂದೇ ಹೆಸರನ್ನು ಜೋರಾಗಿ ಓದಿದರು. ಎಲ್ಲರ ಹೆಸರೂ ಒಂದು ಸಲ ಕಿವಿಗೆ ಬೀಳಲಿ ಕಣಪ್ಪ ಅಂದರು. ನಾನು ತಡೆಯಲಿಲ್ಲ.

ನಿಮ್ಮವರು ಅಲ್ಲೇ ತೀರಿಕೊಂಡವರಾಗಿದ್ದು ಕಸ್ಸಿನೊದಲ್ಲಿ ಹೆಸರು ಸಿಗದಿದ್ದರೆ ಗಾಬರಿ ಬೇಡ. ಹಿಂದೂ, ಸಿಖ್ ಸೈನಿಕರಲ್ಲಿ ಎಷ್ಟೋ ಜನಕ್ಕೆ ಅಗ್ನಿಸಂಸ್ಕಾರ ಆಗಿದೆ, ಅಂಥವರ ಹೆಸರು ಬೇರೆ ಸ್ಮಾರಕಗಳಲ್ಲಿದೆ. ಆಡ್ರಿಯಾಟಿಕ್ ಕಡೆಯ ಸಾಂಗ್ರೊ ನದಿ ಸ್ಮಶಾನದಲ್ಲಿ 500ಕ್ಕೂ ಹೆಚ್ಚು ಭಾರತೀಯರ ಹೆಸರಿನ ಸ್ಮಾರಕ ಇದೆ. ಫೊರ್ಲಿ, ರಿಮಿನಿಯಲ್ಲೂ ಇವೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಮೊದಲೇ ಹುಡುಕಿ, ಕಲ್ಲಿನ ಅಥವಾ ಫಲಕದ ಸಂಖ್ಯೆ ಬರೆದುಕೊಂಡು ಹೋಗಿ. ತಮಿಳು, ತೆಲುಗು, ಕನ್ನಡದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಹೇಗೆ ಬೇಕಾದರೂ ಬರೆದಿರುತ್ತಾರೆ, ಆದ್ದರಿಂದ ಸೈನಿಕ ನಂಬರಿನಿಂದ ಹುಡುಕುವುದೇ ವಾಸಿ.

ಆದರೆ ಸ್ಯಾಪರ್‌ಗಳ ಗುರುತು ಹುಡುಕುವವರು ಸ್ಮಶಾನದಲ್ಲೇ ನಿಲ್ಲಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅವರು ಮಾಡಿದ ಕೆಲಸ ನೆಲದ ಮೇಲೆ ಇನ್ನೂ ಇದೆ. ಕಸ್ಸಿನೊದ ಉತ್ತರಕ್ಕೆ ಕೈರಾ ಅನ್ನುವ ಹಳ್ಳಿ ಇದೆ. ಅಲ್ಲಿಂದ ಬೆಟ್ಟದ ಹಿಂಭಾಗ ಹತ್ತಿ ಅಲ್ಬಾನೆಟಾ ಅನ್ನುವ ತೋಟದ ಮನೆಗೆ ಹೋಗುವ ದಾರಿಗೆ ಆಗ ಕ್ಯಾವೆಂಡಿಶ್ ರೋಡ್ ಅಂತ ಹೆಸರು. ಹೇಸರಗತ್ತೆ ಹೋಗುವಷ್ಟು ಅಗಲ ಇದ್ದ ಕಾಲುದಾರಿಯನ್ನು ನಾಲ್ಕನೇ ಡಿವಿಷನ್ನಿನ ಸ್ಯಾಪರ್‌ಗಳೂ ನ್ಯೂಜಿಲೆಂಡ್ ಎಂಜಿನಿಯರ್‌ಗಳೂ ಸೇರಿ, ಬಂಡೆ ಒಡೆದು, ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದರು. 1944ರ ಮಾರ್ಚ್ 19ರಂದು ಟ್ಯಾಂಕ್‌ಗಳು ನಿಜವಾಗಿಯೂ ಆ ದಾರಿಯಲ್ಲಿ ಮೇಲೆ ಬಂದಾಗ ಜರ್ಮನ್ನರು ಬೆಚ್ಚಿಬಿದ್ದರು. ಜೊತೆಗೆ ಕಾಲ್ದಳ ಇರಲಿಲ್ಲ, ದಾಳಿ ಸೋತಿತು. ದಾರಿ ಮಾತ್ರ ಸೋಲಲಿಲ್ಲ, ಇವತ್ತಿಗೂ ಅದರ ಮೇಲೆ ನಡೆಯಬಹುದು. ಒಂದು ಕಡೆ ಕಡಿದ ಬಂಡೆಯ ಗೋಡೆ, ಇನ್ನೊಂದು ಕಡೆ ಇಳಿಜಾರು, ಕಾಲಡಿ ಜಲ್ಲಿ. ಬಂಡೆಗೆ ಕೈಯಿಟ್ಟು ಸುಮ್ನೆ ನಿಂತುಕೊಂಡೆ. ಮಾತಾಡೋಕೆ ಆಗಲಿಲ್ಲ.

ಈ ನಡಿಗೆಗೆ ಅರ್ಧ ದಿನ ಇಟ್ಟುಕೊಳ್ಳಿ. ಗಟ್ಟಿ ಶೂ, ಮುಳ್ಳು ಇರುವುದರಿಂದ ಉದ್ದ ಪ್ಯಾಂಟು, ತಲೆಗೆ ಟೋಪಿ, ಒಬ್ಬರಿಗೆ 2 ಲೀಟರ್ ನೀರು. ಮಂಡಿನೋವು ಇರುವವರು ಮಠದವರೆಗೆ ಟ್ಯಾಕ್ಸಿಯಲ್ಲಿ ಹೋಗಿ ಅಲ್ಲಿಂದ ಅಲ್ಬಾನೆಟಾ ಕಡೆ ಬರುವುದು ಸುಲಭ. ಮೇಲೆ ಪೋಲೆಂಡಿನವರ ಟ್ಯಾಂಕ್ ಸ್ಮಾರಕ ಇದೆ. ತುಕ್ಕು ಹಿಡಿದ ಕಬ್ಬಿಣದ ಚೂರು ಕಂಡರೆ ನೆನಪಿಗೆ ಇರಲಿ ಅಂತ ಎತ್ತಿಕೊಳ್ಳಬೇಡಿ, ಸಿಡಿಯದ ಗುಂಡುಗಳು ಆ ಕಡೆ ಇನ್ನೂ ಸಿಗುತ್ತವೆ.

ಮಿನ್ಯಾನೊ ಕಸ್ಸಿನೊದಿಂದ ದಕ್ಷಿಣಕ್ಕೆ, ನೇಪಲ್ಸ್ ಕಡೆ ಹೋಗುವ ಅದೇ ರೈಲು ದಾರಿಯಲ್ಲಿದೆ. ಎಲ್ಲ ರೈಲೂ ನಿಲ್ಲುವುದಿಲ್ಲ, ವಾಪಸ್ ಬರುವ ರೈಲಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಪ್ರವಾಸಿಗಳು ಅಲ್ಲಿಗೆ ಬರುವುದು ಹೆದ್ದಾರಿ ಪಕ್ಕದ ಇಟಾಲಿಯನ್ ಸೈನಿಕ ಸ್ಮಾರಕ ನೋಡೋಕೆ. ನಾವು ಹೋಗಿದ್ದು ಸುಬೇದಾರ್ ಸುಬ್ರಮಣಿಯನ್ ಅವರಿಗಾಗಿ. ಅವರೂ 11ನೇ ಫೀಲ್ಡ್ ಪಾರ್ಕ್ ಕಂಪನಿಯವರು. 1944ರ ಫೆಬ್ರವರಿ 24ರಂದು ಇಲ್ಲಿ ನೆಲಬಾಂಬ್ ತೆಗೆಯುವಾಗ ಒಂದು ಬಾಂಬ್ ಸಿಡಿಯುವುದರಲ್ಲಿದೆ ಅಂತ ಗೊತ್ತಾದ ತಕ್ಷಣ ಅದರ ಮೇಲೆ ಬಿದ್ದು, ಜೊತೆಯಲ್ಲಿದ್ದವರನ್ನು ಉಳಿಸಿ ಪ್ರಾಣ ಕೊಟ್ಟರು. ಅವರಿಗೆ ಬ್ರಿಟನ್ನಿನ ದೊಡ್ಡ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು. ಆ ದಿನ ತಾತ ಎಲ್ಲಿದ್ದರೋ ಗೊತ್ತಿಲ್ಲ, ಆದರೆ ಅದೇ ಕಂಪನಿ, ಅವರ ಸುಬೇದಾರ್ ಸಾಹೇಬರು. ಚಿಕ್ಕಪ್ಪ ಊರಿಂದ ತಂದಿದ್ದ ಕರ್ಪೂರ ಹಚ್ಚಬೇಕು ಅಂದರು. ಒಣಹುಲ್ಲು ಇತ್ತು, ಬೇಡ ಚಿಕ್ಕಪ್ಪ ಅಂದೆ. ಕೈಮುಗಿದು ಬಂದೆವು.

ಕಸ್ಸಿನೊ ಆದ ಮೇಲೆ ಡಿವಿಷನ್ ಉತ್ತರಕ್ಕೆ ಹೋಗಿ, ಜರ್ಮನ್ನರ ರಕ್ಷಣಾ ಸಾಲಾಗಿದ್ದ ಗಾಥಿಕ್ ಲೈನ್‌ನಲ್ಲಿ ಹೋರಾಡಿ, 1944ರ ಕೊನೆಗೆ ಗ್ರೀಸ್‌ಗೆ ಹೋಯಿತು. ಯುದ್ಧ ಮುಗಿದ ಕೂಡಲೇ ಮನೆಗೆ ಬಂದರು ಅಂತ ತುಂಬಾ ಜನ ತಿಳಿದಿರುತ್ತಾರೆ. ಹಾಗಲ್ಲ. 1945 ಪೂರ್ತಿ ಗ್ರೀಸ್‌ನಲ್ಲೇ ಕಳೆದು, ಭಾರತಕ್ಕೆ ಮರಳಿದ್ದು 1946ರ ಆರಂಭದಲ್ಲಿ. ಆದ್ದರಿಂದ "ವಾಪಸ್ ಬಂದದ್ದು ಯಾವಾಗ" ಅಂತ ಹುಡುಕುವವರು 1945ರ ಡೈರಿಗೇ ನಿಲ್ಲಿಸಬೇಡಿ. ಸಮಯ, ದುಡ್ಡು ಎರಡೂ ಇದ್ದರೆ ಗ್ರೀಸ್‌ನ ಥೆಸಲೊನೀಕಿ ನಗರವನ್ನೂ ಪ್ರವಾಸಕ್ಕೆ ಸೇರಿಸಿಕೊಳ್ಳಿ. ನಮಗೆ ಈ ಸಲ ಆಗಲಿಲ್ಲ.

ಕೊನೆಯ ನಿಲ್ದಾಣ ಹಲಸೂರು ಕೆರೆ ಪಕ್ಕದ ಎಂಇಜಿ ಕೇಂದ್ರವೇ. ಅಲ್ಲಿ ಮ್ಯೂಸಿಯಂ ಇದೆ, ಆದರೆ ಸೇನೆಯ ಆವರಣ, ಹಾಗೇ ಗೇಟಿಗೆ ಹೋದರೆ ಒಳಗೆ ಬಿಡುವುದಿಲ್ಲ. ಮೊದಲೇ ಪತ್ರ ಬರೆದು ಅನುಮತಿ ಕೇಳಿ. ಪತ್ರದಲ್ಲಿ ಸೈನಿಕ ನಂಬರ್, ಹುದ್ದೆ, ಕಂಪನಿ, ಹುಟ್ಟಿದ ಊರು ಮತ್ತು ತಾಲ್ಲೂಕು, ಬಿಡುಗಡೆಯಾದ ವರ್ಷ, ನಿಮಗೂ ಅವರಿಗೂ ಇರುವ ಸಂಬಂಧ ಎಲ್ಲ ಬರೆದು, ಡಿಸ್ಚಾರ್ಜ್ ಪುಸ್ತಕದ ಜೆರಾಕ್ಸ್ ಮತ್ತು ನಿಮ್ಮ ಗುರುತಿನ ಚೀಟಿಯ ಪ್ರತಿ ಲಗತ್ತಿಸಿ. ಮೂಲ ಕಾಗದಗಳನ್ನು ಯಾರಿಗೂ ಅಂಚೆಯಲ್ಲಿ ಕಳಿಸಬೇಡಿ.